ಪುರಸಭೆಯ ಖಜಾನೆಯೂ ನ್ಯಾಯದ ತಕ್ಕಡಿಯೂ

(ನಮ್ಮ ಕಾರ್ಮಿಕ ಅನ್ಯೋನ್ಯ ಕೂಟದ ಮಾಸಿಕ ಸಭೆಯಲ್ಲಿ ಅಧ್ಯಯನ ಬಳಗದ ಪರವಾಗಿ ಮಾಡಿದ ಭಾಷಣ)



ಕಳೆದ ತಿಂಗಳ ಕೂಟದಲ್ಲಿ ನಮ್ಮವರೊಬ್ಬರು ತಮ್ಮ ಮನೆಯ ಸಂಗತಿಯೊಂದನ್ನು ಹೇಳಿಕೊಂಡದ್ದು ನಿಮ್ಮ ನೆನಪಿನಲ್ಲಿರಬಹುದು. ಅವರ ಮಗನ ಗಾಡಿಗೆ ಜುಲ್ಮಾನೆ ಬಿದ್ದಿತ್ತು. ಮೊತ್ತ ದೊಡ್ಡದೇನೂ ಅಲ್ಲ. ಆದರೆ ಅದನ್ನು ಕಟ್ಟುವುದಕ್ಕೆ ಮೂರು ಸಲ ಅಲೆದು ಮೂರು ದಿನದ ಕೂಲಿ ಕಳೆದುಕೊಂಡರು. ಮನೆಗೆ ಬಂದ ಕಾಗದ ಅವರಲ್ಲಿ ಯಾರಿಗೂ ಓದಲು ಬಾರದ ಭಾಷೆಯಲ್ಲಿತ್ತು. ಗಡಿಯ ಈಚೆಗೆ ತಲೆತಲಾಂತರದಿಂದ ನೆಲೆಸಿರುವ ನಮಗೆ ಇದು ಹೊಸ ಅನುಭವವಲ್ಲ. ಆ ದಿನ ಆ ಹಿರಿಯರು ಒಂದು ಪ್ರಶ್ನೆ ಕೇಳಿದರು. ಮಾಡಿದ ತಪ್ಪು ಒಂದೇ ಆಗಿರುವಾಗ ಬಡವನ ಪಾಲಿಗೆ ಮಾತ್ರ ಶಿಕ್ಷೆ ಏಕೆ ಬೆಳೆಯುತ್ತ ಹೋಗುತ್ತದೆ?

ಅಂದು ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ನಾವು ಅಧ್ಯಯನ ಬಳಗದವರು ಕುಳಿತು, ಇದೇ ಪ್ರಶ್ನೆಯನ್ನು ಬಹಳ ಕಷ್ಟಪಟ್ಟು ಎದುರಿಸಿದ ಕೆಲವು ಊರುಗಳ ಚರಿತ್ರೆಯನ್ನು ಓದಿದೆವು. ಅವು ಅಮೆರಿಕದ ಊರುಗಳು. ಅಲ್ಲಿ ಬಡತನದ ಜೊತೆಗೆ ಮೈಬಣ್ಣದ ಪ್ರಶ್ನೆಯೂ ಹೆಣೆದುಕೊಂಡಿದೆ. ಓದಿ ತಿಳಿದದ್ದನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇವೆ.

ಮೊದಲು ಒಂದು ವ್ಯತ್ಯಾಸವನ್ನು ಗಮನದಲ್ಲಿಡಬೇಕು. ನಮ್ಮ ದೇಶದಲ್ಲಿ ಪೊಲೀಸ್ ಇಲಾಖೆ ರಾಜ್ಯ ಸರಕಾರದ ಕೈಯಲ್ಲಿದೆ. ಅಲ್ಲಿ ಬಹುಮಟ್ಟಿಗೆ ಒಂದೊಂದು ಊರಿಗೂ ತನ್ನದೇ ಪೊಲೀಸ್ ದಳ ಇರುತ್ತದೆ. ಎಷ್ಟೋ ಕಡೆ ಸಣ್ಣ ತಪ್ಪುಗಳನ್ನು ವಿಚಾರಿಸುವ ಕೋರ್ಟೂ ಪುರಸಭೆಯದೇ. ಪೊಲೀಸ್ ಮುಖ್ಯಸ್ಥನನ್ನು ನೇಮಿಸುವುದು, ಸಂಬಳ ಕೊಡುವುದು, ಜುಲ್ಮಾನೆಯ ದರ ಗೊತ್ತುಮಾಡುವುದು ಎಲ್ಲವೂ ಊರಿನ ಆಡಳಿತದ ಕೆಲಸ. ಆದ್ದರಿಂದ ಅಲ್ಲಿ ಅನ್ಯಾಯ ನಡೆದರೆ ಅದರ ಬೇರು ಊರಿನಲ್ಲಿಯೇ ಇರುತ್ತದೆ. ಅದನ್ನು ಸರಿಪಡಿಸುವ ಅಧಿಕಾರವೂ ಬಹುಪಾಲು ಊರಿನಲ್ಲಿಯೇ ಇರುತ್ತದೆ.

ಫರ್ಗುಸನ್ ಎಂಬ ಊರು

ಮಿಸೌರಿ ಸಂಸ್ಥಾನದ ಸೇಂಟ್ ಲೂಯಿಸ್ ನಗರದ ಮಗ್ಗುಲಲ್ಲಿ ಫರ್ಗುಸನ್ ಎಂಬ ಸಣ್ಣ ಊರಿದೆ. 2014ರಲ್ಲಿ ಅದರ ಜನಸಂಖ್ಯೆ ಸುಮಾರು 21,000 ಇತ್ತು. ಅವರಲ್ಲಿ ಮೂರನೆಯ ಎರಡು ಪಾಲು ಕರಿಯ ಜನಾಂಗದವರಾಗಿದ್ದರು. 2014ರ ಆಗಸ್ಟ್ 9ರಂದು ಮೈಕಲ್ ಬ್ರೌನ್ ಎಂಬ 18 ವರ್ಷದ ಕರಿಯ ಯುವಕ ಬಿಳಿಯ ಪೊಲೀಸ್ ಅಧಿಕಾರಿಯೊಬ್ಬನ ಗುಂಡಿಗೆ ಬಲಿಯಾದ. ನಿಶ್ಶಸ್ತ್ರನಾಗಿದ್ದ ಅವನ ಶವ ಗಂಟೆಗಟ್ಟಲೆ ಬೀದಿಯಲ್ಲೇ ಬಿದ್ದಿತ್ತು. ಊರು ಕೆರಳಿತು. ಲೋಕವೆಲ್ಲ ಆ ಕಡೆ ನೋಡಿತು.

ಗುಂಡು ಹಾರಿಸಿದ ಅಧಿಕಾರಿಯ ಮೇಲೆ ಮೊಕದ್ದಮೆ ನಡೆಯಲಿಲ್ಲ. ಸ್ಥಳೀಯ ಜ್ಯೂರಿಯೂ ಒಪ್ಪಲಿಲ್ಲ, ಕೇಂದ್ರದ ನ್ಯಾಯ ಇಲಾಖೆಯೂ ಆರೋಪ ಹೊರಿಸಲಿಲ್ಲ. ಆದರೆ ಅದೇ ನ್ಯಾಯ ಇಲಾಖೆ 2015ರ ಮಾರ್ಚ್ 4ರಂದು ಎರಡನೆಯ ವರದಿಯೊಂದನ್ನು ಹೊರಡಿಸಿತು. ಅದು ಆ ಒಬ್ಬ ಅಧಿಕಾರಿಯನ್ನು ಕುರಿತದ್ದಲ್ಲ. ಇಡೀ ಊರಿನ ಪೊಲೀಸ್ ದಳ ಮತ್ತು ಕೋರ್ಟನ್ನು ಕುರಿತದ್ದು. ನಮ್ಮ ಹಿರಿಯರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ವರದಿಯಲ್ಲಿ.

ಅಂಕಿಗಳನ್ನು ಕೇಳಿರಿ. 2012ರಿಂದ 2014ರ ವರೆಗೆ ಫರ್ಗುಸನ್ ಪೊಲೀಸರು ತಡೆದು ನಿಲ್ಲಿಸಿದ ವಾಹನ ಸವಾರರಲ್ಲಿ ಶೇಕಡಾ 85 ಮಂದಿ ಕರಿಯರು. ಜುಲ್ಮಾನೆಯ ಚೀಟಿ ಪಡೆದವರಲ್ಲಿ ಶೇಕಡಾ 90, ಬಂಧಿತರಾದವರಲ್ಲಿ ಶೇಕಡಾ 93. ಊರಿನಲ್ಲಿ ಅವರ ಪಾಲು ಶೇಕಡಾ 67 ಮಾತ್ರ. ಅವರೇ ಹೆಚ್ಚು ತಪ್ಪು ಮಾಡುತ್ತಿದ್ದರೇನೋ ಎಂದು ಯಾರಾದರೂ ಹೇಳಬಹುದು. ಅದಕ್ಕೂ ವರದಿಯಲ್ಲಿ ಉತ್ತರವಿದೆ. ತಡೆದು ನಿಲ್ಲಿಸಿದ ಮೇಲೆ ಕರಿಯರ ವಾಹನವನ್ನು ಶೋಧಿಸುವ ಸಂಭವ ಬಿಳಿಯರದಕ್ಕಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ಆದರೆ ಶೋಧಿಸಿದಾಗ ನಿಷಿದ್ಧ ವಸ್ತು ಸಿಗುವ ಸಂಭವ ಕರಿಯರಲ್ಲಿ ಶೇಕಡಾ 26ರಷ್ಟು ಕಡಿಮೆ ಇತ್ತು. ಎಂದರೆ, ಅನುಮಾನ ಹುಟ್ಟುತ್ತಿದ್ದದ್ದು ಬಣ್ಣವನ್ನು ನೋಡಿ.

ಇನ್ನು ಖಜಾನೆಯ ಮಾತು. 2010ರ ಆರ್ಥಿಕ ವರ್ಷದಲ್ಲಿ ಫರ್ಗುಸನ್ ಪುರಸಭೆಗೆ ಜುಲ್ಮಾನೆ ಮತ್ತು ಕೋರ್ಟು ಶುಲ್ಕಗಳಿಂದ ಬಂದ ಆದಾಯ ಸುಮಾರು 13 ಲಕ್ಷ 80 ಸಾವಿರ ಡಾಲರ್. 2015ರ ಆಯವ್ಯಯ ಪತ್ರದಲ್ಲಿ ಅದೇ ಬಾಬ್ತಿನಿಂದ 30 ಲಕ್ಷ 90 ಸಾವಿರ ಡಾಲರ್ ಬರಬೇಕೆಂದು ಬರೆದುಕೊಂಡಿದ್ದರು. ಇದು ಪುರಸಭೆಯ ಸಾಮಾನ್ಯ ಆದಾಯದಲ್ಲಿ ಸುಮಾರು ಕಾಲುಭಾಗ. ತಪ್ಪು ನಡೆಯುವುದಕ್ಕೆ ಮೊದಲೇ ತಪ್ಪಿನಿಂದ ಬರುವ ಹಣವನ್ನು ಲೆಕ್ಕ ಹಾಕಿ ಇಟ್ಟಿದ್ದಾರೆ ಎಂದಾಯಿತು! ತೆರಿಗೆ ಏರಿಸಿದರೆ ಮತದಾರರು ಮುನಿಯುತ್ತಾರೆ. ಜುಲ್ಮಾನೆ ಏರಿಸಿದರೆ ಮುನಿಯುವವರ ಮಾತಿಗೆ ಬೆಲೆಯಿಲ್ಲ. ಊರಿನ ಹಣಕಾಸಿನ ಅಧಿಕಾರಿಯೇ ಪೊಲೀಸ್ ಮುಖ್ಯಸ್ಥನಿಗೆ, ಚೀಟಿ ಬರೆಯುವುದು ಹೆಚ್ಚದಿದ್ದರೆ ಮುಂದಿನ ವರ್ಷ ವಸೂಲಿ ಏರುವುದು ಕಷ್ಟ ಎಂಬ ಅರ್ಥದ ಪತ್ರ ಬರೆದಿದ್ದ. ಪೊಲೀಸರ ಕೆಲಸದ ಯೋಗ್ಯತೆಯನ್ನು ಅಳೆಯುತ್ತಿದ್ದದ್ದು ಅವರು ಎಷ್ಟು ಚೀಟಿ ಬರೆದರು ಎಂಬುದರಿಂದ. ನಮ್ಮಲ್ಲಿ ಬೀಡಿ ಕಟ್ಟುವವರಿಗೆ ಸಾವಿರಕ್ಕೆ ಇಷ್ಟು ಎಂಬ ಲೆಕ್ಕ ಚೆನ್ನಾಗಿ ಗೊತ್ತು. ಅಲ್ಲಿ ಪೊಲೀಸರನ್ನೂ ಅಂಥದೇ ಒಂದು ಎಣಿಕೆಗೆ ಕಟ್ಟಿಹಾಕಿದ್ದರು. ಕೋರ್ಟಿನ ಗುಮಾಸ್ತರು ಸಹ ಪೊಲೀಸ್ ಮುಖ್ಯಸ್ಥನ ಮೇಲ್ವಿಚಾರಣೆಯಲ್ಲಿದ್ದರು. ಹೀಗಿರುವಾಗ ತಕ್ಕಡಿ ಹಿಡಿದವರು ಯಾರು, ಅಂಗಡಿ ಇಟ್ಟವರು ಯಾರು ಎಂದು ಬೇರ್ಪಡಿಸಲು ಸಾಧ್ಯವೇ?

ಒಬ್ಬ ಹೆಂಗಸಿನ ಸಂಗತಿಯನ್ನು ವರದಿ ಹೆಸರು ಹೇಳದೆ ಕೊಟ್ಟಿದೆ. ಅವಳು ಕರಿಯ ಹೆಂಗಸು, ಆಗಾಗ ಇರಲು ಮನೆಯಿಲ್ಲದೆ ಕಷ್ಟಪಟ್ಟವಳು. 2007ರಲ್ಲಿ ಒಂದು ಸಲ ಕಾರನ್ನು ನಿಲ್ಲಿಸಬಾರದ ಕಡೆ ನಿಲ್ಲಿಸಿದಳು. ಅದಕ್ಕೆ ಎರಡು ಚೀಟಿ, 151 ಡಾಲರ್ ಜುಲ್ಮಾನೆ, ಮೇಲೆ ಶುಲ್ಕ. ಹಣ ಹೊಂದಲಿಲ್ಲ; ತಾರೀಖು ತಪ್ಪಿತು. ತಾರೀಖು ತಪ್ಪಿದ್ದೇ ಇನ್ನೊಂದು ಅಪರಾಧವಾಯಿತು. ಒಂದೊಂದಕ್ಕೂ ಹೊಸ ವಾರಂಟು, ಹೊಸ ಜುಲ್ಮಾನೆ. ಹೀಗೆ ಏಳು ಸಲ. ಎರಡು ಸಲ ಅವಳನ್ನು ಬಂಧಿಸಿದರು; ಆರು ದಿನ ಸೆರೆಯಲ್ಲಿ ಕಳೆದಳು. ಅವಳು 25 ಡಾಲರನ್ನೂ 50 ಡಾಲರನ್ನೂ ಕಟ್ಟಲು ಹೋದಾಗ, ಪೂರ್ತಿ ಹಣವಲ್ಲ ಎಂದು ಕೋರ್ಟಿನವರು ಹಿಂದಿರುಗಿಸಿದರು. ಕೊನೆಗೆ 550 ಡಾಲರ್ ಕಟ್ಟಿಯೂ ಆಗಿತ್ತು. ಅಷ್ಟಾದರೂ 2014ರ ಡಿಸೆಂಬರಿನಲ್ಲಿ ಅವಳ ಹೆಸರಿನಲ್ಲಿ ಇನ್ನೂ 541 ಡಾಲರ್ ಬಾಕಿ ನಿಂತಿತ್ತು.

ಸಹೋದರರೇ, ನಮ್ಮೂರಿನ ಬಡ್ಡಿ ಸಾಲದ ಲೆಕ್ಕಕ್ಕೂ ಇದಕ್ಕೂ ಏನು ವ್ಯತ್ಯಾಸ? 151ಕ್ಕೆ 550 ಕಟ್ಟಿದರೂ 541 ಉಳಿಯುವ ಲೆಕ್ಕ ಇದು. ಅವಳೊಬ್ಬಳದೇ ಪಾಡು ಎಂದು ತಿಳಿಯಬೇಡಿರಿ. 21,000 ಜನರ ಆ ಊರಿನ ಕೋರ್ಟಿನಿಂದ ಹೊರಟು ಇನ್ನೂ ಜಾರಿಯಲ್ಲಿದ್ದ ವಾರಂಟುಗಳು 2014ರ ಕೊನೆಗೆ 16,000ಕ್ಕೂ ಹೆಚ್ಚು ಜನರ ಮೇಲೆ ಇದ್ದವು. ಅವರಲ್ಲಿ ಅನೇಕರು ಸುತ್ತಮುತ್ತಲ ಊರುಗಳವರು, ಆ ದಾರಿಯಲ್ಲಿ ಹಾದು ಹೋದವರು.

ಕಾನೂನು ಇರಲಿಲ್ಲವೇ?

ಇತ್ತು. ಅಮೆರಿಕದ ಸುಪ್ರೀಂ ಕೋರ್ಟು 1983ರಲ್ಲಿಯೇ ಬೇರ್ಡನ್ ಮೊಕದ್ದಮೆಯಲ್ಲಿ ಈ ವಿಷಯದಲ್ಲಿ ತೀರ್ಪು ಕೊಟ್ಟಿತ್ತು. ಆ ಮೊಕದ್ದಮೆ ಜಾರ್ಜಿಯ ಸಂಸ್ಥಾನದ ಒಬ್ಬ ಕೂಲಿಗಾರನದು. ಓದು ಬಾರದವನು. ಕಟ್ಟಬೇಕಾದ 750 ಡಾಲರಿನಲ್ಲಿ ಮೊದಲ 200 ಡಾಲರನ್ನು ತಂದೆತಾಯಿಯಿಂದ ಸಾಲ ತಂದು ಕಟ್ಟಿದ. ಒಂದು ತಿಂಗಳಲ್ಲಿ ಕೆಲಸ ಹೋಯಿತು. ಬೇರೆ ಕೆಲಸ ಹುಡುಕಿದರೂ ಸಿಗಲಿಲ್ಲ. ಬಾಕಿ ಕಟ್ಟಲಾರದೆ ಸೆರೆಮನೆ ಸೇರಿದ. ಕಟ್ಟುವ ಶಕ್ತಿ ನಿಜವಾಗಿ ಇದೆಯೋ ಇಲ್ಲವೋ ಎಂದು ವಿಚಾರಿಸದೆ, ಬಡತನದ ಕಾರಣಕ್ಕೇ ಮನುಷ್ಯನನ್ನು ಸೆರೆಗೆ ಹಾಕುವುದು ಸಲ್ಲದು ಎಂದು ಸುಪ್ರೀಂ ಕೋರ್ಟು ಹೇಳಿತು.

ಆ ತೀರ್ಪು ಬಂದು ಮೂವತ್ತು ವರ್ಷ ಕಳೆದರೂ ಫರ್ಗುಸನ್ ಕೋರ್ಟಿನ ಕಿಟಕಿಯ ವರೆಗೆ ತಲುಪಲಿಲ್ಲ. ಇದು ನಾವು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿ. ಮೇಲೆ ಒಳ್ಳೆಯ ಕಾನೂನು ಇದ್ದಮಾತ್ರಕ್ಕೆ ಕೆಳಗೆ ನ್ಯಾಯ ಸಿಗುವುದಿಲ್ಲ. ಕಿಟಕಿಯಾಚೆ ಕುಳಿತ ಗುಮಾಸ್ತನ ಮುಂದಿರುವ ನಿಯಮ ಯಾವುದೋ, ಬಡವನಿಗೆ ಅದೇ ಕಾನೂನು.

ಹಾಗಾದರೆ ಫರ್ಗುಸನ್ನಿನಲ್ಲಿ ಏನು ಬದಲಾಯಿತು? ಜನ ಬೀದಿಗಿಳಿದ ಮುಂದಿನ ತಿಂಗಳೇ, 2014ರ ಸೆಪ್ಟೆಂಬರಿನಲ್ಲಿ, ತಾರೀಖಿಗೆ ಬಾರದಿರುವುದೇ ಬೇರೊಂದು ಅಪರಾಧ ಎಂಬ ನಿಯಮವನ್ನು ಪುರಸಭೆ ತೆಗೆದುಹಾಕಿತು. ವರದಿ ಬಂದ ಮೇಲೆ ಹಳೆಯ ನ್ಯಾಯಾಧೀಶ ರಾಜೀನಾಮೆ ಕೊಟ್ಟ. ಹೊಸದಾಗಿ ಬಂದ ನ್ಯಾಯಾಧೀಶರು 2015ರ ಆಗಸ್ಟಿನಲ್ಲಿ, 2014ರ ಡಿಸೆಂಬರ್ 31ಕ್ಕೆ ಮುಂಚೆ ಹೊರಟ ಬಂಧನದ ವಾರಂಟುಗಳನ್ನೆಲ್ಲ ಹಿಂದಕ್ಕೆ ಪಡೆದರು. ಕಟ್ಟಲಾರದವರಿಗೆ ಕಂತು, ಸಮಾಜಸೇವೆ ಮೊದಲಾದ ದಾರಿಗಳನ್ನು ತೆರೆದರು. 2016ರ ಏಪ್ರಿಲಿನಲ್ಲಿ ಪೊಲೀಸರು ಮತ್ತು ಕೋರ್ಟು ಎರಡನ್ನೂ ಸರಿಪಡಿಸುವ ಒಪ್ಪಂದಕ್ಕೆ ಕೇಂದ್ರದ ನ್ಯಾಯಾಲಯ ಮುದ್ರೆ ಒತ್ತಿತು. ಪುರಸಭೆ ಇದಕ್ಕೆ ಸುಲಭವಾಗಿ ಒಪ್ಪಿತೆಂದು ತಿಳಿಯಬಾರದು. ಖರ್ಚು ಹೆಚ್ಚೆಂದು ಷರತ್ತು ಹಾಕಿತು. ನ್ಯಾಯ ಇಲಾಖೆ ದಾವೆ ಹೂಡಿದ ಮೇಲೆಯೇ ಮಣಿಯಿತು. 2020ರ ಜೂನ್ ತಿಂಗಳಲ್ಲಿ ಎಲಾ ಜೋನ್ಸ್ ಎಂಬ ಮಹಿಳೆ ಆ ಊರಿನ ಮೇಯರಾಗಿ ಚುನಾಯಿತರಾದರು. ಆ ಸ್ಥಾನಕ್ಕೆ ಬಂದ ಮೊದಲ ಕರಿಯ ವ್ಯಕ್ತಿ ಅವರು.

ಸಿನ್ಸಿನಾಟಿಯ ಒಪ್ಪಂದ

ಫರ್ಗುಸನ್ನಿಗಿಂತ ಹದಿಮೂರು ವರ್ಷ ಮೊದಲು ಒಹಾಯೋ ಸಂಸ್ಥಾನದ ಸಿನ್ಸಿನಾಟಿ ನಗರದಲ್ಲಿ ಇಂಥದೇ ದುರಂತ ನಡೆದಿತ್ತು. 2001ರ ಏಪ್ರಿಲ್ 7ರ ನಸುಕಿನಲ್ಲಿ ತಿಮೊಥಿ ಥಾಮಸ್ ಎಂಬ 19 ವರ್ಷದ ಕರಿಯ ಹುಡುಗನನ್ನು ಪೊಲೀಸರು ಬೆನ್ನಟ್ಟಿದರು. ಅವನ ಮೇಲೆ 14 ವಾರಂಟುಗಳಿದ್ದವು. ಅವುಗಳಲ್ಲಿ ಬಹುಪಾಲು ಸೀಟ್ ಬೆಲ್ಟ್, ಲೈಸೆನ್ಸ್ ಮೊದಲಾದ ಸಂಚಾರದ ತಪ್ಪುಗಳಿಗೆ ಸಂಬಂಧಿಸಿದವು. ಓಣಿಯೊಂದರಲ್ಲಿ ಅಧಿಕಾರಿಯೊಬ್ಬ ಗುಂಡು ಹಾರಿಸಿದ. ಹುಡುಗನ ಕೈಯಲ್ಲಿ ಆಯುಧವಿರಲಿಲ್ಲ. 1995ರಿಂದ ಅಲ್ಲಿಯ ವರೆಗೆ ಆ ನಗರದ ಪೊಲೀಸರ ಕೈಯಲ್ಲಿ ಸತ್ತ ಹದಿನೈದನೆಯ ಕರಿಯ ಗಂಡಸು ಅವನು. ನಗರ ಹೊತ್ತಿಕೊಂಡಿತು, ಕರ್ಫ್ಯೂ ಬಿತ್ತು. ಆ ಅಧಿಕಾರಿ ಮುಂದೆ ಕೋರ್ಟಿನಲ್ಲಿ ನಿರ್ದೋಷಿ ಎನಿಸಿಕೊಂಡ.

ಈ ಸಾವಿಗೆ ಒಂದು ತಿಂಗಳು ಮೊದಲೇ ಅಲ್ಲಿನ ಕರಿಯರ ಐಕ್ಯ ವೇದಿಕೆ ಮತ್ತು ನಾಗರಿಕ ಹಕ್ಕುಗಳ ಸಂಘ ನಗರಸಭೆಯ ಮೇಲೆ ದಾವೆ ಹೂಡಿದ್ದವು. ವೇದಿಕೆಯ ಮುಂದಾಳು ಡೇಮನ್ ಲಿಂಚ್ ಎಂಬ ಬ್ಯಾಪ್ಟಿಸ್ಟ್ ಸಭಾಪಾಲಕರು. ನ್ಯಾಯಾಧೀಶರಾದ ಸೂಸನ್ ಡ್ಲಾಟ್ ಅವರ ಮುಂದೆ ಈ ದಾವೆ ವಿಚಿತ್ರವಾದ ತಿರುವು ಪಡೆಯಿತು. ಗೆಲುವು ಸೋಲಿನ ವಾದಕ್ಕೆ ಬದಲಾಗಿ ಊರಿನವರನ್ನೇ ಕೇಳೋಣ ಎಂದು ಎರಡು ಕಡೆಯವರೂ ಒಪ್ಪಿದರು. ಕರಿಯರು, ಬಿಳಿಯರು, ಇತರ ಅಲ್ಪಸಂಖ್ಯಾತರು, ಯುವಕರು, ಧರ್ಮಸಂಸ್ಥೆಗಳು ಮತ್ತು ಸಮಾಜಸೇವಕರು, ವ್ಯಾಪಾರ ಮತ್ತು ಶಿಕ್ಷಣದ ಪ್ರಮುಖರು, ನಗರಸಭೆಯ ನೌಕರರು, ಪೊಲೀಸರು ಮತ್ತು ಅವರ ಮನೆಯವರು ಎಂದು ಎಂಟು ಗುಂಪು ಮಾಡಿದರು. ಸುಮಾರು 3,500 ಮಂದಿ ತಮಗೆ ಎಂಥ ಪೊಲೀಸ್ ವ್ಯವಸ್ಥೆ ಬೇಕು, ಏಕೆ ಬೇಕು ಎಂದು ಹೇಳಿದರು.

ಅದರಿಂದ ಹುಟ್ಟಿದ ಒಪ್ಪಂದಕ್ಕೆ 2002ರ ಏಪ್ರಿಲಿನಲ್ಲಿ ಸಹಿ ಬಿತ್ತು. ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸಲು ಪೊಲೀಸರಿಂದ ಬೇರೆಯಾದ ನಾಗರಿಕ ಪ್ರಾಧಿಕಾರ ರಚಿಸಬೇಕು. ಯಾರನ್ನು ತಡೆದರು, ಎಷ್ಟು ಬಲ ಪ್ರಯೋಗಿಸಿದರು ಎಂಬುದಕ್ಕೆ ಲೆಕ್ಕವಿಡಬೇಕು, ಹೊರಗಿನವರು ಅದನ್ನು ಪರೀಕ್ಷಿಸಬೇಕು. ಸಿಕ್ಕವರನ್ನೆಲ್ಲ ಹಿಡಿಯುವ ಬದಲು ಬೀದಿಯ ತೊಂದರೆಯ ಮೂಲವನ್ನು ಹುಡುಕಿ, ನಿವಾಸಿಗಳೊಡನೆ ಸೇರಿ ಪರಿಹರಿಸಬೇಕು. ಇವು ಅದರ ಮುಖ್ಯ ಅಂಶಗಳು.

ಇದರಲ್ಲಿ ನಾವು ಕಾರ್ಮಿಕರು ವಿಶೇಷವಾಗಿ ಗಮನಿಸಬೇಕಾದ್ದು ಇನ್ನೊಂದಿದೆ. ಆ ಒಪ್ಪಂದಕ್ಕೆ ಪೊಲೀಸರ ಸಂಘವೂ ಸಹಿ ಹಾಕಿತು. ಪೊಲೀಸರೂ ದುಡಿಯುವವರಲ್ಲವೇ, ಅವರ ಸಂಘದ ಮೇಲೆ ಬೆರಳು ತೋರಿಸುವುದು ಸರಿಯೇ ಎಂದು ನಮ್ಮ ಬಳಗದಲ್ಲಿಯೇ ವಾದ ನಡೆಯಿತು. ಸಂಘ ತನ್ನ ಸದಸ್ಯನ ಕೆಲಸ, ಸಂಬಳ, ವಿಚಾರಣೆಯ ಹಕ್ಕನ್ನು ಕಾಯುವುದು ನ್ಯಾಯ. ಆದರೆ ಬಡವನ ಮೇಲೆ ಕೈಮಾಡಿದವನಿಗೆ ಕೊಡೆ ಹಿಡಿಯುವುದು ಸಂಘದ ಕೆಲಸವಲ್ಲ. ಅಮೆರಿಕದ ಅನೇಕ ನಗರಗಳಲ್ಲಿ ಪೊಲೀಸ್ ಸಂಘಗಳ ಕರಾರುಗಳು ಶಿಸ್ತಿನ ಕ್ರಮಕ್ಕೆ ಅಡ್ಡಗೋಡೆಯಾಗಿವೆ ಎಂಬ ದೂರು ಬಲವಾಗಿದೆ. ಸಿನ್ಸಿನಾಟಿಯ ಸಂಘ ಗೋಡೆಯಾಗುವ ಬದಲು ಮೇಜಿನ ಮುಂದೆ ಬಂದು ಕುಳಿತದ್ದರಿಂದ ಪೊಲೀಸರ ಮಾತಿಗೂ ಬೆಲೆ ಬಂತು. ನಮ್ಮ ವಾದ ಅಲ್ಲಿಗೆ ಪೂರ್ತಿ ಮುಗಿದಿಲ್ಲ, ನೀವೂ ಯೋಚಿಸಿರಿ.

ಒಪ್ಪಂದದ ಹಾದಿ ಸುಗಮವಾಗಿರಲಿಲ್ಲ. ನಡುವೆ ಎಳೆದಾಟ, ಮುನಿಸು ಎಲ್ಲವೂ ಆದವು. ಐದು ವರ್ಷವೆಂದು ಗೊತ್ತುಮಾಡಿದ್ದ ಮೇಲ್ವಿಚಾರಣೆ 2008ರ ವರೆಗೆ ನಡೆಯಿತು. ಬಲಪ್ರಯೋಗದ ಪ್ರಸಂಗಗಳು ಕಾಲಕ್ರಮದಲ್ಲಿ ಬಹಳವಾಗಿ ಇಳಿದವು. ಭೇದ ಪೂರ್ತಿ ಅಳಿಸಿಹೋಯಿತೆಂದು ಅಲ್ಲಿನವರೇ ಹೇಳುವುದಿಲ್ಲ. ಆದರೂ ಊರು ತನ್ನ ಪೊಲೀಸರೊಡನೆ ಕುಳಿತು ಮಾತಾಡಬಲ್ಲದು ಎಂಬುದಕ್ಕೆ ಇಂದಿಗೂ ಸಿನ್ಸಿನಾಟಿಯನ್ನು ಎತ್ತಿ ಹೇಳುತ್ತಾರೆ.

ಸಣ್ಣ ನಿಯಮ, ದೊಡ್ಡ ಫಲ

ಇನ್ನೆರಡು ನಗರಗಳ ಮಾತನ್ನು ಚಿಕ್ಕದಾಗಿ ಹೇಳುತ್ತೇವೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕರಿಯರು ಜನಸಂಖ್ಯೆಯಲ್ಲಿ ಶೇಕಡಾ 6ರಷ್ಟೂ ಇಲ್ಲ; ಆದರೆ ಸೆರೆಮನೆಯಲ್ಲಿ ಸುಮಾರು ಅರ್ಧದಷ್ಟು ಮಂದಿ ಅವರೇ ಇದ್ದರು. ಪ್ರೊಬೇಷನ್ ಮೇಲೆ ಹೊರಗಿರುವವನು ಆ ಮೇಲ್ವಿಚಾರಣೆಯ ಅವಧಿಗೆ ತಿಂಗಳಿಗೆ 50 ಡಾಲರಿನಂತೆ ಮೂರು ವರ್ಷಕ್ಕೆ 1,800 ಡಾಲರ್ ಶುಲ್ಕ ಕಟ್ಟಬೇಕಾಗಿತ್ತು. ಕೆಲಸವೇ ಸಿಗದವನು ಎಲ್ಲಿಂದ ತರಬೇಕು? ವಸೂಲಾಗುತ್ತಿದ್ದದ್ದೂ ತೀರ ಅಲ್ಪ. 2018ರಲ್ಲಿ ಅಲ್ಲಿನ ಆಡಳಿತ ಮಂಡಳಿ ತನ್ನ ಅಧಿಕಾರದಲ್ಲಿದ್ದ ಇಂಥ ಶುಲ್ಕಗಳನ್ನೆಲ್ಲ ರದ್ದುಮಾಡಿತು. ಸುಮಾರು 21,000 ಜನರ ಮೇಲಿದ್ದ 3 ಕೋಟಿ 20 ಲಕ್ಷ ಡಾಲರ್ ಬಾಕಿಯೂ ತೊಡೆದುಹೋಯಿತು.

ಫಿಲಡೆಲ್ಫಿಯದಲ್ಲಿ ಪೊಲೀಸರು ತಡೆದು ನಿಲ್ಲಿಸುತ್ತಿದ್ದ ಸವಾರರಲ್ಲಿ ಹತ್ತಕ್ಕೆ ಏಳು ಮಂದಿ ಕರಿಯರೆಂದು ಬಡವರ ಪರ ವಾದಿಸುವ ಸಂಸ್ಥೆಯ ವಕೀಲರು ಲೆಕ್ಕ ತೆಗೆದು ತೋರಿಸಿದರು. ನಗರದಲ್ಲಿ ಅವರ ಪಾಲು ಹತ್ತಕ್ಕೆ ನಾಲ್ಕಕ್ಕಿಂತ ತುಸು ಹೆಚ್ಚು, ಅಷ್ಟೆ. ನಗರಸಭಾ ಸದಸ್ಯ ಐಸಾಯ ಥಾಮಸ್ ತಂದ ನಿಯಮವನ್ನು ನಗರಸಭೆ 2021ರ ಅಕ್ಟೋಬರಿನಲ್ಲಿ ಅಂಗೀಕರಿಸಿತು. 2022ರ ಮಾರ್ಚಿನಿಂದ ಅದು ಜಾರಿಗೆ ಬಂತು. ಒಂದು ದೀಪ ಉರಿಯುತ್ತಿಲ್ಲ, ಬಂಪರ್ ಸರಿಯಿಲ್ಲ, ಕನ್ನಡಿಗೆ ಏನೋ ತೂಗುಹಾಕಿದೆ ಎಂಬಂಥ ಎಂಟು ಸಣ್ಣ ತಪ್ಪುಗಳಿಗಾಗಿಯೇ ಗಾಡಿಯನ್ನು ತಡೆಯುವಂತಿಲ್ಲ. ಇದೇನು ಮಹಾ ಎಂದು ನಿಮಗೆ ಅನ್ನಿಸಬಹುದು. ಆದರೆ ಚೀಟಿಯಿಂದ ತಾರೀಖು, ತಾರೀಖಿನಿಂದ ವಾರಂಟು, ವಾರಂಟಿನಿಂದ ಓಣಿಯ ಗುಂಡು ಎಂಬ ಸರಪಣಿಯನ್ನು ಈಗಷ್ಟೆ ಕೇಳಿದ್ದೇವೆ. ಅದರ ಮೊದಲ ಕೊಂಡಿಯನ್ನೇ ಈ ನಿಯಮ ಕಳಚುತ್ತದೆ.

ನಮಗೆ ತೋರಿದ ವಿಚಾರ

ಕೇಂದ್ರದ ಕೈ ಹಿಂದೆ ಸರಿದರೆ ಗತಿ ಏನು ಎಂಬ ಪ್ರಶ್ನೆ ಈಗ ಅಲ್ಲಿ ಎದ್ದಿದೆ. ಜಾರ್ಜ್ ಫ್ಲಾಯ್ಡ್ 2020ರಲ್ಲಿ ಪೊಲೀಸನ ಮೊಣಕಾಲಿನ ಕೆಳಗೆ ಸತ್ತ ಮಿನಿಯಾಪೊಲಿಸ್ ನಗರ, ಅದೇ ವರ್ಷ ಬ್ರಿಯೋನಾ ಟೇಲರ್ ತನ್ನ ಮನೆಯಲ್ಲೇ ಗುಂಡೇಟಿಗೆ ಬಲಿಯಾದ ಲೂಯಿವಿಲ್ ನಗರ, ಈ ಎರಡರೊಡನೆಯೂ ಆಗಿದ್ದ ಸುಧಾರಣೆಯ ಒಪ್ಪಂದವನ್ನು ಕೇಂದ್ರದ ನ್ಯಾಯ ಇಲಾಖೆ 2025ರ ಮೇ ತಿಂಗಳಲ್ಲಿ ಕೈಬಿಡುವುದಾಗಿ ಹೇಳಿತು. ಎರಡು ನಗರಗಳ ಮೇಯರುಗಳೂ ಸುಧಾರಣೆಯನ್ನು ತಾವೇ ಮುಂದುವರಿಸುವುದಾಗಿ ಘೋಷಿಸಿದರು. ಮಿನಿಯಾಪೊಲಿಸ್ ತನ್ನ ಸಂಸ್ಥಾನದ ಮಾನವ ಹಕ್ಕುಗಳ ಇಲಾಖೆಯೊಡನೆ 2023ರಲ್ಲಿಯೇ ಬೇರೊಂದು ಒಪ್ಪಂದ ಮಾಡಿಕೊಂಡಿತ್ತು. ಮೇಲಿನ ಒತ್ತಾಯ ಹೋದ ಮೇಲೂ ಊರು ಕೊಟ್ಟ ಮಾತಿಗೆ ನಿಲ್ಲುತ್ತದೆಯೇ ಎಂಬುದು ಅಲ್ಲಿನ ನಿವಾಸಿಗಳ ಎಚ್ಚರವನ್ನೇ ಅವಲಂಬಿಸಿದೆ.

ಇನ್ನೊಂದು ವಿಚಾರ ಲೆಕ್ಕದ್ದು. ಈ ಎಲ್ಲ ಊರುಗಳಲ್ಲಿ ಸುಧಾರಣೆಗೆ ಬಲ ಬಂದದ್ದು ಯಾರನ್ನು ತಡೆದರು, ಯಾರನ್ನು ಹಿಡಿದರು ಎಂದು ಬಣ್ಣದ ಪ್ರಕಾರ ಎಣಿಸಿದ್ದರಿಂದ. ನಮ್ಮ ದೇಶದಲ್ಲಿ ಸೆರೆಮನೆಯ ರಿಜಿಸ್ಟರಿನಲ್ಲಿ ಜಾತಿಯ ಅಂಕಣ ಇತ್ತು. ಕೆಲವು ಕೈಪಿಡಿಗಳು ಗುಡಿಸುವ ಕೆಲಸ ಒಬ್ಬರಿಗೆ, ಅಡಿಗೆಯ ಕೆಲಸ ಇನ್ನೊಬ್ಬರಿಗೆ ಎಂದು ಜಾತಿ ನೋಡಿ ಹಂಚುತ್ತಿದ್ದವು. 2024ರ ಅಕ್ಟೋಬರ್ 3ರಂದು ನಮ್ಮ ಸುಪ್ರೀಂ ಕೋರ್ಟು ಆ ನಿಯಮಗಳನ್ನು ರದ್ದುಮಾಡಿ, ಆ ಅಂಕಣವನ್ನು ತೆಗೆದುಹಾಕಲು ಅಪ್ಪಣೆ ಕೊಟ್ಟಿತು. ಹಾಗಾದರೆ ಎಣಿಸುವುದು ಒಳ್ಳೆಯದೋ ಕೆಟ್ಟದ್ದೋ? ಕೈದಿಯ ಕೈಗೆ ಪೊರಕೆ ಕೊಡಲು ಎಣಿಸಿದರೆ ಅದು ಅನ್ಯಾಯ. ಅಧಿಕಾರಿಯ ಕೈಯಿಂದ ಲೆಕ್ಕ ಕೇಳಲು ಎಣಿಸಿದರೆ ಅದು ನ್ಯಾಯಕ್ಕೆ ದಾರಿ.

ನಮ್ಮ ಹಿರಿಯರ ಪ್ರಶ್ನೆಗೆ ನಾವು ಕಂಡುಕೊಂಡ ಉತ್ತರ ಇಷ್ಟು. ಬಡವನ ಪಾಲಿಗೆ ಶಿಕ್ಷೆ ತಾನಾಗಿ ಬೆಳೆಯುವುದಿಲ್ಲ. ಬೆಳೆಯುವಂತೆ ಯಾರೋ ನಿಯಮ ಬರೆದಿರುತ್ತಾರೆ. ಊರಿನ ಸಭೆಯಲ್ಲಿ ಕೈಯೆತ್ತಿ ಬರೆದ ನಿಯಮವನ್ನು ಊರಿನ ಸಭೆಯಲ್ಲಿಯೇ ಕೈಯೆತ್ತಿಸಿ ಅಳಿಸಬಹುದು. ಫರ್ಗುಸನ್ನಿನ ಆ ಹೆಂಗಸು ತಂದ 25 ಡಾಲರನ್ನು ಹಿಂದಿರುಗಿಸಿದ ಕಿಟಕಿ ಅದೇ. ಕಂತಿನಲ್ಲಿ ಹಣ ತೆಗೆದುಕೊಳ್ಳುವಂತೆ ಆದದ್ದೂ ಅದೇ ಕಿಟಕಿ. ನಡುವೆ ಬದಲಾದದ್ದು ನಿಯಮ. ಆದರೆ ಅದು ಬದಲಾಗಲು ಒಬ್ಬ ಹುಡುಗನ ಪ್ರಾಣ ಹೋಗಬೇಕಾಯಿತು ಎಂಬುದನ್ನು ನಾವು ಮರೆಯಬಾರದು.

ನಮ್ಮ ಊರುಗಳಲ್ಲಿ ಅಷ್ಟರ ವರೆಗೆ ಕಾಯುವುದು ಬೇಡ. ಮುಂದಿನ ಕೂಟಕ್ಕೆ ಬರುವಾಗ, ಕಳೆದ ಒಂದು ವರ್ಷದಲ್ಲಿ ನಿಮ್ಮ ಮನೆಗೆ ಬಂದ ಜುಲ್ಮಾನೆಯ ಚೀಟಿ, ನೋಟೀಸು, ತಾರೀಖಿನ ಕಾಗದ ಏನಿದ್ದರೂ ತನ್ನಿರಿ. ಓದಲು ಬಾರದಿದ್ದರೂ ತನ್ನಿರಿ, ಕೂತು ಓದೋಣ. ಕಟ್ಟಿದ್ದೆಷ್ಟು, ಕಳೆದುಕೊಂಡ ಕೂಲಿ ಎಷ್ಟು ಎಂದು ಒಂದು ಪುಸ್ತಕದಲ್ಲಿ ಬರೆದಿಡೋಣ. ಕಳೆದ ತಿಂಗಳು ಮಾತಾಡಿದ ಆ ಹಿರಿಯರ ಮೂರು ದಿನದ ಕೂಲಿಯನ್ನು ಆ ಪುಸ್ತಕದ ಮೊದಲ ಸಾಲಿನಲ್ಲಿ ಈಗಾಗಲೇ ಬರೆದಿದ್ದೇವೆ.